‘ನಾವು ಗೆದ್ದೆವು’: ಸೇಂಟ್ ಲೂಯಿಸ್ ನಗರದ ಐಸ್ ಹಾಕಿ ಅಭಿಮಾನಿಗಳನ್ನು ಕುರಿತು ಒಂದು ವಿಚಾರ

೧

ತಮಿಳಿನಲ್ಲಿ ‘ನಾವು’ ಎಂಬ ಅರ್ಥಕ್ಕೆ ಎರಡು ಸರ್ವನಾಮಗಳಿವೆ. ಕೇಳುವವನನ್ನೂ ಸೇರಿಸಿಕೊಂಡು ಹೇಳುವಾಗ ‘ನಾಮ್’ ಎಂದೂ ಅವನನ್ನು ಬಿಟ್ಟು ಹೇಳುವಾಗ ‘ನಾಂಗಳ್’ ಎಂದೂ ಪ್ರಯೋಗವಾಗುತ್ತದೆ. ತೆಲುಗಿನ ‘ಮನಮು’, ‘ಮೇಮು’ ಎಂಬ ರೂಪಗಳಲ್ಲಿಯೂ ಇದೇ ಭೇದ ಕಾಣುತ್ತದೆ. ಇಂದಿನ ಕನ್ನಡದಲ್ಲಿ ಈ ಭೇದವಿಲ್ಲ, ಇಂಗ್ಲಿಷಿನಲ್ಲಿಯೂ ಇಲ್ಲ. ಆದುದರಿಂದ ಈ ಎರಡು ಭಾಷೆಗಳಲ್ಲಿ ಒಬ್ಬನು ‘ನಾವು’ ಎಂದಾಗ ಅದರೊಳಗೆ ಯಾರು ಯಾರು ಸೇರಿದ್ದಾರೆಂಬುದನ್ನು ಸಂದರ್ಭದಿಂದಲೇ ಊಹಿಸಬೇಕಾಗುತ್ತದೆ. ನಿತ್ಯವ್ಯವಹಾರದಲ್ಲಿ ಇದರಿಂದ ತೊಡಕೇನೂ ಒದಗುವುದಿಲ್ಲ. ಆದರೆ ಕೆಲವೊಮ್ಮೆ ಈ ಪುಟ್ಟ ಪದವೇ ಸಮಾಜವನ್ನು ಅಭ್ಯಾಸಮಾಡುವವರನ್ನು ತಡೆದು ನಿಲ್ಲಿಸುತ್ತದೆ.

ಅಂಥ ಒಂದು ಸಂದರ್ಭ ೨೦೧೯ನೆಯ ಇಸವಿ ಜೂನ್ ೧೨ರ ರಾತ್ರಿ ಒದಗಿತು. ಅಂದು ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆದ ಐಸ್ ಹಾಕಿ ಪಂದ್ಯದಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ಎಂಬ ವೃತ್ತಿಪರ ತಂಡ ಬಾಸ್ಟನ್ ಬ್ರೂಯಿನ್ಸ್ ತಂಡವನ್ನು ೪-೧ ಗೋಲುಗಳಿಂದ ಸೋಲಿಸಿ ಸ್ಟ್ಯಾನ್ಲಿ ಕಪ್ಪನ್ನು ಪಡೆಯಿತು. ಅಲ್ಲಿಂದ ಸುಮಾರು ಒಂದು ಸಾವಿರ ಮೈಲಿ ದೂರದಲ್ಲಿ, ಮಿಸಿಸಿಪಿ ನದಿಯ ದಡದ ಸೇಂಟ್ ಲೂಯಿಸ್ ನಗರದಲ್ಲಿ, ಪರದೆಯ ಮೇಲೆ ಆಟವನ್ನು ನೋಡುತ್ತಿದ್ದ ಸಹಸ್ರಾರು ಜನರು ಈ ಗೆಲುವನ್ನು ತಮ್ಮದೆಂದೇ ಭಾವಿಸಿದರು. ‘ನಾವು ಗೆದ್ದೆವು’ ಎಂಬುದೇ ಅವರ ಬಾಯಲ್ಲಿ ಸಹಜವಾಗಿ ಬಂದ ಮಾತು. ಅವರು ಯಾರೂ ಆಡಿದವರಲ್ಲ. ತಂಡ ಅವರ ಆಸ್ತಿಯಲ್ಲ. ಆಟಗಾರರಲ್ಲಿ ಬಹುಮಂದಿ ಅವರ ಊರಿನವರೂ ಅಲ್ಲ. ಹಾಗಾದರೆ ಈ ‘ನಾವು’ ಎಂಬುದಕ್ಕೆ ಆಧಾರವೇನು? ಇದು ಬರಿಯ ಉಪಚಾರದ ಮಾತೆ, ಭ್ರಮೆಯೆ, ಅಥವಾ ಇದರಲ್ಲಿ ಸತ್ಯಾಂಶವೇನಾದರೂ ಉಂಟೆ? ಇದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

೨

ಮೊತ್ತಮೊದಲು ಆಟದ ಸ್ವರೂಪವನ್ನು ಸಂಗ್ರಹವಾಗಿ ಹೇಳುವುದು ಅವಶ್ಯಕ. ನಮ್ಮ ವಾಚಕರಿಗೆ ಪರಿಚಿತವಾದುದು ಬಯಲಿನಲ್ಲಿ ಆಡುವ ಹಾಕಿ. ಐಸ್ ಹಾಕಿಯನ್ನು ೨೦೦ ಅಡಿ ಉದ್ದ, ೮೫ ಅಡಿ ಅಗಲದ ಮಂಜುಗಡ್ಡೆಯ ಅಂಕಣದ ಮೇಲೆ ಆಡುತ್ತಾರೆ. ಗೋಲುರಕ್ಷಕನೂ ಸೇರಿ ಒಂದೊಂದು ಕಡೆಗೆ ಆರು ಮಂದಿ ಇರುತ್ತಾರೆ. ಅವರ ಕಾಲಿನಲ್ಲಿ ಉಕ್ಕಿನ ಅಲಗಿನ ಸ್ಕೇಟುಗಳಿರುತ್ತವೆ. ಚೆಂಡಿನ ಬದಲಾಗಿ ೩ ಅಂಗುಲ ಅಡ್ಡಳತೆಯ, ೧ ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆಯೊಂದನ್ನು ಬಳಸುತ್ತಾರೆ. ಅದಕ್ಕೆ ಪಕ್ ಎಂದು ಹೆಸರು. ೨೦ ನಿಮಿಷಗಳ ಮೂರು ಅವಧಿಗಳಲ್ಲಿ ಆಟ ಮುಗಿಯುತ್ತದೆ. ಗೋಲುಗಳು ವಿರಳವಾದುದರಿಂದ, ಗೋಲುರಕ್ಷಕನೊಬ್ಬನ ಕೈಚಳಕವಾಗಲಿ ಯಾರದೋ ಕಾಲಿಗೆ ತಗುಲಿ ಪಕ್ ದಿಕ್ಕು ಬದಲಿಸಿದ ಆಕಸ್ಮಿಕವಾಗಲಿ ಇಡೀ ಪಂದ್ಯವನ್ನು ನಿರ್ಣಯಿಸಬಲ್ಲುದು. ಬಲಹೀನವಾದ ತಂಡವೂ ಆಸೆಯನ್ನು ಬಿಡಬೇಕಾಗಿಲ್ಲ. ಬಲಿಷ್ಠವಾದ ತಂಡವೂ ನಿಶ್ಚಿಂತವಾಗಿರಲಾಗದು.

ಸ್ಟ್ಯಾನ್ಲಿ ಕಪ್ಪನ್ನು ೧೮೯೨ರಲ್ಲಿ ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ ದಾನವಾಗಿ ಕೊಟ್ಟನು. ೧೮೯೩ರಲ್ಲಿ ಅದು ಮೊದಲ ಬಾರಿಗೆ ಪ್ರದಾನವಾಯಿತು. ೧೯೧೭ರಲ್ಲಿ ಸ್ಥಾಪಿತವಾದ ನ್ಯಾಷನಲ್ ಹಾಕಿ ಲೀಗಿನ ವಿಜೇತರಿಗೆ ಇಂದು ಅದು ಸಲ್ಲುತ್ತದೆ. ೨೦೧೯ರಲ್ಲಿ ಲೀಗಿನಲ್ಲಿ ೩೧ ತಂಡಗಳಿದ್ದವು. ಪ್ರತಿಯೊಂದೂ ಋತುವಿನಲ್ಲಿ ೮೨ ಪಂದ್ಯಗಳನ್ನಾಡಿದ ತರುವಾಯ ೧೬ ತಂಡಗಳು ಕಪ್ಪಿನ ಸ್ಪರ್ಧೆಗೆ ಉಳಿದವು. ಈ ಸ್ಪರ್ಧೆಗೆ ನಾಲ್ಕು ಸುತ್ತುಗಳು. ಪ್ರತಿಯೊಂದು ಸುತ್ತಿನಲ್ಲಿಯೂ ಅವೇ ಎರಡು ತಂಡಗಳು ಮತ್ತೆ ಮತ್ತೆ ಎದುರಾಗುತ್ತವೆ. ಏಳು ಪಂದ್ಯಗಳಲ್ಲಿ ಯಾವುದು ಮೊದಲು ನಾಲ್ಕನ್ನು ಗೆಲ್ಲುತ್ತದೆಯೋ ಅದು ಮುಂದಿನ ಸುತ್ತಿಗೆ ಹೋಗುತ್ತದೆ. ಹೀಗೆ ೧೬ ಗೆಲುವುಗಳನ್ನು ಸಂಪಾದಿಸಿದ ತಂಡಕ್ಕೆ ಕಪ್ಪು. ಇದಕ್ಕೆ ಸುಮಾರು ಎರಡು ತಿಂಗಳು ಹಿಡಿಯುತ್ತದೆ. ನಿಗದಿಯಾದ ವೇಳೆಯಲ್ಲಿ ಗೋಲುಗಳು ಸಮವಾದರೆ ೨೦ ನಿಮಿಷಗಳ ಹೆಚ್ಚುವರಿ ಅವಧಿಗಳನ್ನು ಒಂದಾದಮೇಲೊಂದರಂತೆ ಆಡುತ್ತಾರೆ. ಮೊದಲ ಗೋಲು ಬಿದ್ದೊಡನೆ ಎಲ್ಲವೂ ಮುಗಿಯುತ್ತದೆ.

ಈ ವ್ಯವಸ್ಥೆ ಅಭಿಮಾನಿಯ ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಗಮನಿಸಬೇಕು. ಒಂದೇ ದಿನದಲ್ಲಿ ಮುಗಿಯುವ ಸ್ಪರ್ಧೆ ಒಂದು ಘಟನೆಯಷ್ಟೆ. ಎರಡು ತಿಂಗಳ ಸ್ಪರ್ಧೆ ಒಂದು ಜೀವನಕ್ರಮವೇ ಆಗುತ್ತದೆ. ಒಂದು ಸಂಜೆ ಪಂದ್ಯ, ಮರುದಿನ ಅದರ ಚರ್ಚೆ, ಮತ್ತೊಂದು ಸಂಜೆ ಪಂದ್ಯ. ಹಿಂದಿನ ಪಂದ್ಯದ ಅನ್ಯಾಯವೂ ಗಾಯವೂ ಮುಂದಿನದಕ್ಕೆ ಬರುತ್ತವೆ. ಆಟಗಾರರು ಸೋಲುವವರೆಗೆ ಗಡ್ಡ ಬೋಳಿಸುವುದಿಲ್ಲವೆಂಬ ೧೯೮೦ರ ದಶಕದಿಂದ ಪ್ರಚಾರಕ್ಕೆ ಬಂದ ಪದ್ಧತಿಯನ್ನು ಅಭಿಮಾನಿಗಳೂ ಅನುಸರಿಸುತ್ತಾರೆ. ಅದು ವ್ರತಕ್ಕೆ ಸಮೀಪವಾದ ಆಚರಣೆ. ಫಲ ಸಿಗುವುದೆಂಬ ಭರವಸೆಯಿಲ್ಲದಿದ್ದರೂ ನಿಯಮವನ್ನು ಮುರಿಯಲು ಮನಸ್ಸು ಬಾರದು.

೩

ಅಭಿಮಾನಿಗಳ ‘ನಾವು’ ಎಂಬ ಮಾತನ್ನೇ ಪರೀಕ್ಷೆಗೆ ಒಡ್ಡಿದ ಒಂದು ಸಂಶೋಧನೆ ಪ್ರಸಿದ್ಧವಾಗಿದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಹೋದ್ಯೋಗಿಗಳು ೧೯೭೬ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಅಮೆರಿಕದ ಏಳು ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳ ಉಡುಪನ್ನು ಪರಿಶೀಲಿಸಲಾಯಿತು. ತಮ್ಮ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡ ಗೆದ್ದ ವಾರದ ಸೋಮವಾರದಂದು ಅದರ ಹೆಸರು ಅಥವಾ ಲಾಂಛನವುಳ್ಳ ಬಟ್ಟೆಯನ್ನು ತೊಡುವವರ ಪ್ರಮಾಣ ಹೆಚ್ಚುತ್ತದೆಂದು ಕಂಡುಬಂದಿತು. ಅದೇ ಅಧ್ಯಯನದ ಮತ್ತೊಂದು ಭಾಗದಲ್ಲಿ ವಿದ್ಯಾರ್ಥಿಗಳನ್ನು ಟೆಲಿಫೋನಿನ ಮೂಲಕ ಪ್ರಶ್ನಿಸಿ, ಪಂದ್ಯದ ಫಲಿತಾಂಶವನ್ನು ಅವರ ಮಾತಿನಲ್ಲಿಯೇ ಹೇಳುವಂತೆ ಕೇಳಲಾಯಿತು. ಗೆಲುವನ್ನು ವರ್ಣಿಸುವಾಗ ‘ನಾವು’ ಎಂಬ ಪದ ಹೆಚ್ಚಾಗಿಯೂ ಸೋಲನ್ನು ವರ್ಣಿಸುವಾಗ ಕಡಮೆಯಾಗಿಯೂ ಬಂದಿತು. ಸಂಕ್ಷೇಪವಾಗಿ ಹೇಳುವುದಾದರೆ, ಗೆದ್ದವರು ‘ನಾವು’, ಸೋತವರು ‘ಅವರು’. ಪರರ ಕೀರ್ತಿಯ ಬೆಳಕಿನಲ್ಲಿ ಚಳಿ ಕಾಯಿಸಿಕೊಳ್ಳುವ ಈ ಪ್ರವೃತ್ತಿ ತನ್ನ ಆತ್ಮಗೌರವಕ್ಕೆ ಪೆಟ್ಟು ಬಿದ್ದವನಲ್ಲಿ ಇನ್ನೂ ಪ್ರಬಲವೆಂದು ಸಂಶೋಧಕರು ತೋರಿಸಿದರು.

ಈ ನಿರ್ಣಯ ಸರಿಯಾದುದೇ. ಗೆಲುವಿನ ದಿನ ಎಲ್ಲೆಲ್ಲಿಂದಲೋ ನೆಂಟರು ಬರುತ್ತಾರೆಂಬುದು ಲೋಕಾನುಭವವೂ ಹೌದು. ಆದರೆ ಇಷ್ಟರಿಂದಲೇ ಅಭಿಮಾನದ ಪೂರ್ಣ ವಿವರಣೆ ದೊರೆಯಿತೆಂದು ಭಾವಿಸಲಾಗದು. ೧೯೯೦ರಲ್ಲಿ ಡೇನಿಯಲ್ ವಾನ್ ಮತ್ತು ನೈಲಾ ಬ್ರಾನ್ಸ್‌ಕೋಂಬ್ ಪ್ರಕಟಿಸಿದ ಅಧ್ಯಯನ, ತಂಡದೊಡನೆ ಗಾಢವಾದ ತಾದಾತ್ಮ್ಯವುಳ್ಳವರು ಸೋಲಿನ ಅನಂತರ ದೂರ ಸರಿಯುವುದು ಕಡಮೆಯೆಂಬುದನ್ನು ಎತ್ತಿತೋರಿಸಿತು. ಕೀರ್ತಿಯ ಪ್ರತಿಫಲನಕ್ಕಾಗಿಯೇ ಜನ ತಂಡವನ್ನು ಹಿಂಬಾಲಿಸುವುದಾದರೆ, ಪ್ರತಿಫಲಿಸಲು ಯಾವ ಕೀರ್ತಿಯೂ ಇಲ್ಲದ ತಂಡವನ್ನು ಐವತ್ತು ವರ್ಷಕಾಲ ಹಿಂಬಾಲಿಸುವವರ ವಿಷಯದಲ್ಲಿ ಏನು ಹೇಳಬೇಕು? ಸೇಂಟ್ ಲೂಯಿಸಿನ ಉದಾಹರಣೆ ಬೆಲೆಯುಳ್ಳದ್ದಾಗುವುದು ಇಲ್ಲಿಯೇ.

೪

೧೯೬೭ರಲ್ಲಿ ಲೀಗು ಆರು ತಂಡಗಳಿಂದ ಹನ್ನೆರಡಕ್ಕೆ ವಿಸ್ತಾರವಾಯಿತು. ಆಗ ಹುಟ್ಟಿದ ಆರು ತಂಡಗಳಲ್ಲಿ ಸೇಂಟ್ ಲೂಯಿಸ್ ಒಂದು. ೧೯೧೪ರಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ರಚಿಸಿದ ಪ್ರಸಿದ್ಧ ಗೀತೆಯೊಂದರ ಹೆಸರನ್ನೇ ತಂಡಕ್ಕೆ ಇಡಲಾಯಿತು. ನೀಲಿ ಬಣ್ಣದ ಸಂಗೀತಸ್ವರದ ಗುರುತು ಅದರ ಲಾಂಛನವಾಯಿತು. ಹೊಸ ಆರು ತಂಡಗಳನ್ನೂ ಒಂದೇ ವಿಭಾಗದಲ್ಲಿ ಇಟ್ಟಿದ್ದುದರಿಂದ ಅವುಗಳಲ್ಲಿ ಒಂದು ಅಂತಿಮ ಸರಣಿಗೆ ಬರುವುದು ನಿಶ್ಚಿತವಾಗಿತ್ತು. ೧೯೬೮, ೧೯೬೯ ಮತ್ತು ೧೯೭೦ರಲ್ಲಿ ಆ ಸ್ಥಾನ ಸೇಂಟ್ ಲೂಯಿಸಿಗೆ ದೊರೆಯಿತು. ಮೊದಲ ಎರಡು ಸಲ ಮಾಂಟ್ರಿಯಲ್ ತಂಡವೂ ಮೂರನೆಯ ಸಲ ಬಾಸ್ಟನ್ ತಂಡವೂ ಅದನ್ನು ೪-೦ ಪಂದ್ಯಗಳಿಂದ ಸೋಲಿಸಿದವು. ಮೂರು ಅಂತಿಮ ಸರಣಿಗಳು, ಹನ್ನೆರಡು ಪಂದ್ಯಗಳು, ಹನ್ನೆರಡೂ ಸೋಲು.

೧೯೭೦ನೆಯ ಮೇ ೧೦ರಂದು ಬಾಸ್ಟನ್ನಿನಲ್ಲಿ ನಡೆದ ಕೊನೆಯ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಬಾಬಿ ಆರ್ ಗೋಲು ಹೊಡೆದು, ಎಡವಿ, ಎರಡು ಕೈಗಳನ್ನೂ ಚಾಚಿ ಗಾಳಿಯಲ್ಲಿ ತೇಲಿದ ದೃಶ್ಯದ ಛಾಯಾಚಿತ್ರ ಐಸ್ ಹಾಕಿಯ ಚಿತ್ರಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾಯಿತು. ಜಗತ್ತಿಗೆ ಅದು ಆನಂದದ ಚಿತ್ರ. ಸೇಂಟ್ ಲೂಯಿಸಿನವರಿಗೆ ತಮ್ಮ ಸೋಲಿನ ಚಿತ್ರ. ಆ ಗೋಲನ್ನು ದೂರದರ್ಶನದಲ್ಲಿ ಅಮೆರಿಕಕ್ಕೆಲ್ಲ ವರ್ಣಿಸಿದವನು ಡ್ಯಾನ್ ಕೆಲ್ಲಿ. ಸೇಂಟ್ ಲೂಯಿಸ್ ತಂಡದ ಆಟಗಳನ್ನು ೧೯೬೮ರಿಂದ ಆ ಊರಿನವರಿಗೆ ಕೇಳಿಸುತ್ತಿದ್ದವನೂ ಅವನೇ. ಊರಿನ ಸೋಲನ್ನು ಊರಿನ ದನಿಯೇ ಲೋಕಕ್ಕೆ ಸಾರಬೇಕಾಯಿತು.

ಅಂತಿಮ ಸರಣಿಯ ಬಾಗಿಲು ಅನಂತರ ೪೯ ವರ್ಷಗಳ ಕಾಲ ತೆರೆಯಲಿಲ್ಲ. ತಂಡ ದುರ್ಬಲವಾಗಿದ್ದುದೇ ಇದಕ್ಕೆ ಕಾರಣವೆಂದು ತಿಳಿಯಬಾರದು. ೧೯೮೦ರಿಂದ ೨೦೦೪ರವರೆಗೆ ಸತತವಾಗಿ ೨೫ ಋತುಗಳಲ್ಲಿ ಅದು ಕಪ್ಪಿನ ಸ್ಪರ್ಧೆಗೆ ಅರ್ಹತೆ ಪಡೆಯಿತು. ೧೯೮೬ನೆಯ ಮೇ ೧೨ರಂದು ಕ್ಯಾಲ್ಗರಿಯ ವಿರುದ್ಧ ಕೊನೆಯ ಅವಧಿಯಲ್ಲಿ ೨-೫ ಗೋಲುಗಳಿಂದ ಹಿಂದೆ ಬಿದ್ದಿದ್ದ ತಂಡ ೬-೫ರಿಂದ ಗೆದ್ದಿತು. ಊರಿನವರು ಅದನ್ನು ‘ಸೋಮವಾರದ ಪವಾಡ’ವೆಂದು ನೆನೆಯುತ್ತಾರೆ. ಆದರೆ ಎರಡು ದಿನಗಳ ತರುವಾಯ ನಡೆದ ಏಳನೆಯ ಪಂದ್ಯದಲ್ಲಿ ೧-೨ರಿಂದ ಸೋತು ಅಂತಿಮ ಸರಣಿ ಕೈತಪ್ಪಿತು. ೨೦೦೦ದಲ್ಲಿ ಲೀಗಿನ ೮೨ ಪಂದ್ಯಗಳ ಹಂತದಲ್ಲಿ ಎಲ್ಲರಿಗಿಂತಲೂ ಮೇಲೆ ನಿಂತ ತಂಡ ಕಪ್ಪಿನ ಸ್ಪರ್ಧೆಯ ಮೊದಲನೆಯ ಸುತ್ತಿನಲ್ಲಿಯೇ ಉರುಳಿತು. ವಸ್ತುತಃ ಇದು ನಿರಾಶೆಯ ಇತಿಹಾಸವಲ್ಲ, ಆಸೆ ಮೂಡಿ ಮೂಡಿ ಮುರಿದ ಇತಿಹಾಸ. ಎರಡನೆಯದನ್ನು ಸಹಿಸುವುದು ಹೆಚ್ಚು ಕಷ್ಟ.

ಸೋಲಿಗಿಂತಲೂ ಘೋರವಾದ ಅಪಾಯ ಒಮ್ಮೆ ಬಂದಿತ್ತು. ೧೯೭೭ರಿಂದ ತಂಡದ ಒಡೆತನ ರಾಲ್‌ಸ್ಟನ್ ಪ್ಯೂರೀನಾ ಎಂಬ ಕಂಪೆನಿಯದಾಗಿತ್ತು. ೧೯೮೩ರಲ್ಲಿ ಅದು ಕೆನಡಾದ ಸಸ್ಕಟೂನ್ ನಗರಕ್ಕೆ ತಂಡವನ್ನು ಒಯ್ಯಲಿದ್ದವರಿಗೆ ಮಾರಲು ಮುಂದಾಯಿತು. ಲೀಗಿನ ಆಡಳಿತ ಮಂಡಲಿ ಒಪ್ಪಲಿಲ್ಲ. ಕಂಪೆನಿ ತಂಡದ ಕೈಬಿಟ್ಟಿತು. ಆ ವರ್ಷ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸಭೆಯಲ್ಲಿ ಸೇಂಟ್ ಲೂಯಿಸಿನ ಪರವಾಗಿ ಯಾರೂ ಭಾಗವಹಿಸಲಿಲ್ಲ. ಬೇಸಗೆಯಲ್ಲಿ ಹ್ಯಾರಿ ಆರ್ನೆಸ್ಟ್ ಎಂಬವನು ಕೊಂಡುಕೊಂಡುದರಿಂದ ತಂಡ ಊರಿನಲ್ಲಿ ಉಳಿಯಿತು.

ಈ ಅಪಾಯ ಕಲ್ಪನೆಯದಾಗಿರಲಿಲ್ಲವೆಂಬುದಕ್ಕೆ ಆ ನಗರದ ಇತರ ತಂಡಗಳ ಕಥೆಯೇ ಸಾಕ್ಷಿ. ಬ್ರೌನ್ಸ್ ಎಂಬ ಬೇಸ್‌ಬಾಲ್ ತಂಡ ೧೯೫೪ರಲ್ಲಿ ಬಾಲ್ಟಿಮೋರಿಗೂ, ಹಾಕ್ಸ್ ಎಂಬ ಬಾಸ್ಕೆಟ್‌ಬಾಲ್ ತಂಡ ೧೯೬೮ರಲ್ಲಿ ಅಟ್ಲಾಂಟಕ್ಕೂ ಹೋದವು. ಕಾರ್ಡಿನಲ್ಸ್ ಎಂಬ ಫುಟ್‌ಬಾಲ್ ತಂಡ ೧೯೮೮ರಲ್ಲಿ ಅರಿಜೋನಕ್ಕೆ ವಲಸೆ ಹೋಯಿತು. (ಅದೇ ಹೆಸರಿನ ಬೇಸ್‌ಬಾಲ್ ತಂಡ ಊರಿನಲ್ಲಿಯೇ ಇದೆ.) ೧೯೯೫ರಲ್ಲಿ ಬಂದ ರ‍್ಯಾಮ್ಸ್ ಎಂಬ ಇನ್ನೊಂದು ಫುಟ್‌ಬಾಲ್ ತಂಡ ೨೦೧೬ರಲ್ಲಿ ಲಾಸ್ ಏಂಜಲೀಸಿಗೆ ಹಿಂತಿರುಗಿತು. ಹೀಗೆ, ತಂಡವೆಂಬುದು ಒಂದು ಬೆಳಗ್ಗೆ ಇಲ್ಲವಾಗಬಹುದೆಂಬುದನ್ನು ಅನುಭವದಿಂದ ಕಲಿತ ಊರು ಇದು.

೫

ಇನ್ನು ೨೦೧೯ರ ಓಟವನ್ನು ಕ್ರಮವಾಗಿ ನೋಡಬಹುದು. ಋತು ಕೆಟ್ಟದಾಗಿ ಆರಂಭವಾಯಿತು. ೨೦೧೮ನೆಯ ನವೆಂಬರಿನಲ್ಲಿ ತರಬೇತುದಾರ ಮೈಕ್ ಯೋನನ್ನು ತೆಗೆದು ಕ್ರೇಗ್ ಬರೂಬಿಯನ್ನು ನೇಮಿಸಲಾಯಿತು. ೨೦೧೯ನೆಯ ಜನವರಿ ೩ರ ಬೆಳಗ್ಗೆ ೩೭ ಪಂದ್ಯಗಳಿಂದ ೩೪ ಅಂಕಗಳನ್ನು ಮಾತ್ರ ಗಳಿಸಿದ್ದ ತಂಡ ೩೧ ತಂಡಗಳಲ್ಲಿ ಕಟ್ಟಕಡೆಯದಾಗಿತ್ತು. ಜನವರಿ ೭ರಂದು ಜೋರ್ಡನ್ ಬಿನಿಂಗ್ಟನ್ ಎಂಬ ಹೊಸ ಗೋಲುರಕ್ಷಕ ಲೀಗಿನಲ್ಲಿ ತನ್ನ ಮೊದಲ ಪೂರ್ಣ ಪಂದ್ಯವನ್ನಾಡಿ, ಫಿಲಡೆಲ್ಫಿಯ ತಂಡಕ್ಕೆ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಅದರ ಹಿಂದಿನ ರಾತ್ರಿ ಕೆಲವು ಆಟಗಾರರು ಅದೇ ಊರಿನ ಪಾನಗೃಹವೊಂದರಲ್ಲಿ ಲಾರಾ ಬ್ರ್ಯಾನಿಗನ್ ೧೯೮೨ರಲ್ಲಿ ಹಾಡಿದ ‘ಗ್ಲೋರಿಯ’ ಎಂಬ ಹಾಡಿಗೆ ಜನ ಮೈಮರೆತು ಕುಣಿಯುತ್ತಿದ್ದುದನ್ನು ಕಂಡು, ಅದನ್ನು ತಮ್ಮ ವಿಜಯಗೀತೆಯಾಗಿ ಇಟ್ಟುಕೊಂಡರು. ಗೆಲುವಿನ ಬಳಿಕ ಕ್ರೀಡಾಂಗಣದಲ್ಲಿ ಈ ಹಾಡು ಮೊಳಗತೊಡಗಿತು. ಬೇಗನೆ ಅದು ಊರಿನ ಹಾಡೇ ಆಯಿತು. ಜನವರಿ-ಫೆಬ್ರವರಿಯಲ್ಲಿ ತಂಡ ಸತತವಾಗಿ ೧೧ ಪಂದ್ಯಗಳನ್ನು ಗೆದ್ದು, ಕೊನೆಗೆ ೯೯ ಅಂಕಗಳೊಡನೆ ಕಪ್ಪಿನ ಸ್ಪರ್ಧೆಗೆ ಬಂದಿತು.

ಮೊದಲನೆಯ ಸುತ್ತಿನಲ್ಲಿ ವಿನ್ನಿಪೆಗ್ ತಂಡ ಆರು ಪಂದ್ಯಗಳಲ್ಲಿ ಸೋತಿತು. ಎರಡನೆಯ ಸುತ್ತಿನಲ್ಲಿ ಡಲ್ಲಾಸ್ ತಂಡದೊಡನೆ ಏಳನೆಯ ಪಂದ್ಯ ಎರಡನೆಯ ಹೆಚ್ಚುವರಿ ಅವಧಿಗೆ ಹೋಯಿತು. ಮೇ ೭ರ ಆ ರಾತ್ರಿ ನಿರ್ಣಾಯಕ ಗೋಲನ್ನು ಹೊಡೆದ ಪ್ಯಾಟ್ ಮರೂನ್ ಸೇಂಟ್ ಲೂಯಿಸಿನಲ್ಲಿಯೇ ಹುಟ್ಟಿದವನು. ಮೂರನೆಯ ಸುತ್ತಿನಲ್ಲಿ ಸ್ಯಾನ್ ಹೋಸೆ ತಂಡದೊಡನೆ ಮೇ ೧೫ರಂದು ನಡೆದ ಪಂದ್ಯ ಎದುರಾಳಿಗಳು ಪಕ್ಕನ್ನು ಕೈಯಿಂದ ತಳ್ಳಿದ ಬಳಿಕ ಬಿದ್ದ ಗೋಲಿನಿಂದ ಮುಗಿಯಿತು. ಅದು ನಿಯಮಕ್ಕೆ ವಿರುದ್ಧ. ಆದರೆ ತೀರ್ಪುಗಾರರು ಅದನ್ನು ಕಾಣಲಿಲ್ಲ. ಅರ್ಧಶತಮಾನದ ದುರದೃಷ್ಟಕ್ಕೆ ಇದು ಹೊಸ ಅಧ್ಯಾಯವೆಂದು ತೋರಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ತಂಡ ಮುಂದಿನ ಮೂರು ಪಂದ್ಯಗಳನ್ನೂ ಗೆದ್ದು ಅಂತಿಮ ಸರಣಿಯನ್ನು ಸೇರಿತು.

ಅಲ್ಲಿ ಎದುರಾದುದು ೧೯೭೦ರ ಅದೇ ಬಾಸ್ಟನ್. ಮೊದಲ ಪಂದ್ಯ ಸೋಲು. ಅಂದರೆ ಅಂತಿಮ ಸರಣಿಗಳಲ್ಲಿ ಸಾಲಾಗಿ ಹದಿಮೂರನೆಯ ಸೋಲು. ಮೇ ೨೯ರಂದು ಎರಡನೆಯ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಕಾರ್ಲ್ ಗುನ್ನಾರ್ಸನ್ ಹೊಡೆದ ಗೋಲಿನಿಂದ, ಸ್ಥಾಪನೆಯಾದ ೫೨ ವರ್ಷಗಳ ಬಳಿಕ, ಸೇಂಟ್ ಲೂಯಿಸ್ ತಂಡ ಅಂತಿಮ ಸರಣಿಯ ಒಂದು ಪಂದ್ಯವನ್ನು ಮೊದಲ ಬಾರಿಗೆ ಗೆದ್ದಿತು. ಜೂನ್ ೯ರಂದು ಮೂರು ಗೆಲುವುಗಳೊಡನೆ ಊರಿಗೆ ಬಂದ ತಂಡ ತನ್ನವರ ಕಣ್ಣೆದುರಿನಲ್ಲಿಯೇ ಕಪ್ಪನ್ನು ಪಡೆಯಬಹುದಾಗಿತ್ತು. ಆದರೆ ೧-೫ರಿಂದ ಸೋತಿತು. ಏಳನೆಯ ಪಂದ್ಯ ಬಾಸ್ಟನ್ನಿನಲ್ಲಿ. ಊರಿನ ಹಾಕಿ ಕ್ರೀಡಾಂಗಣದಲ್ಲಿಯೂ ಬೇಸ್‌ಬಾಲಿನ ಬುಷ್ ಕ್ರೀಡಾಂಗಣದಲ್ಲಿಯೂ ಜನ ಕಿಕ್ಕಿರಿದು ಕುಳಿತು, ಬೇರೊಂದು ಊರಿನಲ್ಲಿ ನಡೆಯುತ್ತಿದ್ದ ಆಟವನ್ನು ಪರದೆಯ ಮೇಲೆ ನೋಡಿದರು. ಆಮೇಲೆ ನಡೆದುದು ತಿಳಿದೇ ಇದೆ. ಜೂನ್ ೧೫ರಂದು ಮಾರ್ಕೆಟ್ ಬೀದಿಯಲ್ಲಿ ಮೆರವಣಿಗೆ ಹೊರಟಿತು.

೬

ಈಗ ಮೂಲಪ್ರಶ್ನೆಗೆ ಬರೋಣ. ‘ನಾವು ಗೆದ್ದೆವು’ ಎಂಬ ಮಾತಿಗೆ ಮೂರು ಬಗೆಯ ಆಧಾರಗಳನ್ನು ಊಹಿಸಬಹುದು.

ಒಂದನೆಯದು ಒಡೆತನ. ಇದು ನಿಲ್ಲುವುದಿಲ್ಲ. ತಂಡ ಖಾಸಗಿ ಸ್ವತ್ತು. ೧೯೮೩ರಲ್ಲಿ ಅದು ಊರು ಬಿಡದಂತೆ ತಡೆದುದು ಲೀಗಿನ ನಿರ್ಣಯವೇ ಹೊರತು ಅಭಿಮಾನಿಗಳ ಹಕ್ಕಲ್ಲ.

ಎರಡನೆಯದು ಸಹಾಯ. ಅಭಿಮಾನಿಗಳ ಜಯಘೋಷ ಆಟಗಾರರಿಗೆ ಬಲ ಕೊಟ್ಟಿತು, ಆದಕಾರಣ ಗೆಲುವಿನಲ್ಲಿ ಅವರಿಗೂ ಪಾಲುಂಟು ಎಂಬ ವಾದ ಎಲ್ಲ ಊರುಗಳಲ್ಲಿಯೂ ಕೇಳಿಬರುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ೨೦೧೯ರ ಕಪ್ಪಿನ ಸ್ಪರ್ಧೆಯಲ್ಲಿ ಸೇಂಟ್ ಲೂಯಿಸ್ ತಂಡ ಒಟ್ಟು ೨೬ ಪಂದ್ಯಗಳನ್ನಾಡಿತು. ಸ್ವಂತ ಊರಿನಲ್ಲಿ ಆಡಿದ ೧೩ರಲ್ಲಿ ೬ನ್ನು ಗೆದ್ದು ೭ನ್ನು ಸೋತಿತು. ಪರಸ್ಥಳದಲ್ಲಿ ಆಡಿದ ೧೩ರಲ್ಲಿ ೧೦ನ್ನು ಗೆದ್ದಿತು. ತನ್ನವರ ಕೂಗಿನ ನಡುವೆ ಸೋತದ್ದೇ ಹೆಚ್ಚು, ಅನ್ಯರ ಮೂದಲಿಕೆಯ ನಡುವೆ ಗೆದ್ದದ್ದೇ ಹೆಚ್ಚು. ಒಂದು ವರ್ಷದ ಲೆಕ್ಕದಿಂದ ಸಾಮಾನ್ಯ ನಿಯಮವನ್ನು ಕಟ್ಟಲಾಗದು, ನಿಜ. ಆದರೆ ಈ ಗೆಲುವನ್ನು ಅಭಿಮಾನಿಗಳ ಕಂಠಬಲಕ್ಕೆ ಆರೋಪಿಸಲು ಮಾತ್ರ ಅದು ಎಡೆಗೊಡುವುದಿಲ್ಲ.

ಮೂರನೆಯದು ಮೇಲೆ ಹೇಳಿದ ಪ್ರತಿಫಲಿತ ಕೀರ್ತಿ. ಜೂನ್ ತಿಂಗಳಲ್ಲಿ ಹೊಸದಾಗಿ ನೀಲಿ ಅಂಗಿಯನ್ನು ಕೊಂಡವರಿಗೆ ಇದು ಸಲ್ಲಬಹುದು. ೧೯೭೦ರ ಸೋಲನ್ನು ಕಂಡು, ೧೯೮೩ರ ಭೀತಿಯನ್ನು ದಾಟಿ, ೨೦೧೯ರ ಜನವರಿಯಲ್ಲಿ ಕಡೆಯ ಸ್ಥಾನದಲ್ಲಿದ್ದ ತಂಡದ ಆಟವನ್ನೂ ನೋಡುತ್ತಿದ್ದವರಿಗೆ ಸಲ್ಲದು.

ಹಾಗಾದರೆ ಉಳಿಯುವುದೇನು? ತಂಡವೆಂದರೆ ಯಾವುದು ಎಂದು ಕೇಳಿಕೊಂಡರೆ ಉತ್ತರದ ದಾರಿ ಕಾಣುತ್ತದೆ. ಆಟಗಾರರೆಂದರೆ, ೧೯೭೦ರಲ್ಲಿ ಆಡಿದವರಲ್ಲಿ ಒಬ್ಬರೂ ೨೦೧೯ರಲ್ಲಿ ಆಡಲಿಲ್ಲ. ಒಡೆಯರು ಹಲವು ಸಲ ಬದಲಾದರು. ಆಟ ನಡೆಯುತ್ತಿದ್ದ ಹಳೆಯ ಕಟ್ಟಡವನ್ನು ೧೯೯೯ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಡ್ಯಾನ್ ಕೆಲ್ಲಿ ೧೯೮೯ರಲ್ಲಿ ತೀರಿಕೊಂಡನು. ಹೆಸರೂ ಲಾಂಛನವೂ ಉಳಿದವು ನಿಜ; ಆದರೆ ಅವು ಮಾರಾಟದ ಪತ್ರದೊಡನೆ ಕೈ ಬದಲಾಯಿಸುವ ವಸ್ತುಗಳು. ಅರ್ಧಶತಮಾನದುದ್ದಕ್ಕೂ ಮುರಿಯದೆ ಬಂದುದು ಒಂದೇ: ನೋಡುತ್ತಿದ್ದವರ ನೆನಪು. ೧೯೬೭ರಲ್ಲಿ ಹತ್ತು ವರ್ಷದವನಾಗಿದ್ದ ಬಾಲಕನಿಗೆ ೨೦೧೯ರಲ್ಲಿ ಅರುವತ್ತೆರಡು. ಅವನಿಗೆ ಹನ್ನೆರಡು ಸೋಲುಗಳೂ ಗೊತ್ತು. ೧೯೬೭ರ ತಂಡದಲ್ಲಿ ಆಡಿ ಅನಂತರವೂ ಅದರ ಸೇವೆಯಲ್ಲಿಯೇ ಉಳಿದ ಬಾಬ್ ಪ್ಲೇಗರನಂಥ ಬೆರಳೆಣಿಕೆಯವರನ್ನು ಬಿಟ್ಟರೆ, ೧೯೭೦ರಲ್ಲಿ ಸೋತವರೇ ೨೦೧೯ರಲ್ಲಿ ಗೆದ್ದರು ಎಂಬ ವಾಕ್ಯ ಅಭಿಮಾನಿಗಳ ವಿಷಯದಲ್ಲಿ ಮಾತ್ರ ಅಕ್ಷರಶಃ ಸತ್ಯ. ಬಾಸ್ಟನ್ನಿನ ಅಂಕಣದ ಮೇಲಿದ್ದ ಆಟಗಾರರು ಒಂದು ಪಂದ್ಯವನ್ನು ಗೆದ್ದರು. ಅದು ಐವತ್ತು ವರ್ಷಗಳ ಗೆಲುವಾದದ್ದು ನೆನಪಿಟ್ಟುಕೊಂಡು ಕಾದವರಿಂದ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಹತ್ತು ವರ್ಷದ ಮಗುವೂ ಅಂದು ‘ನಾವು’ ಎಂದಿತಷ್ಟೆ. ಅದು ಯಾವ ಸೋಲನ್ನು ಕಂಡಿತ್ತು? ಇದಕ್ಕೆ ಉತ್ತರ ನಮ್ಮ ಮನೆಗಳಲ್ಲಿಯೇ ಇದೆ. ಮದುವೆಯಾಗಿ ಬಂದ ಸೊಸೆ ಕೆಲವೇ ವರ್ಷಗಳಲ್ಲಿ, ತಾನು ಕಾಣದ ಹಿರಿಯರು ಪಟ್ಟ ಕಷ್ಟವನ್ನೂ ‘ನಮ್ಮ ಮನೆಯಲ್ಲಿ’ ಎಂದೇ ಹೇಳುತ್ತಾಳೆ. ಅದನ್ನು ಯಾರೂ ಸುಳ್ಳೆನ್ನುವುದಿಲ್ಲ. ಮನೆಯ ಸುಖದಲ್ಲಿ ಪಾಲು ಕೇಳುವುದಕ್ಕೆ ಮೊದಲು ಅದರ ಕಷ್ಟದ ಕಥೆಯನ್ನು ತನ್ನದಾಗಿ ಮಾಡಿಕೊಂಡಿರುವುದೇ ಅವಳ ‘ನಮ್ಮ’ ಎಂಬುದಕ್ಕೆ ಪ್ರಮಾಣ. ಅಂತೆಯೇ ಅಜ್ಜನಿಂದ ಬಾಬಿ ಆರನ ಚಿತ್ರದ ಕಥೆಯನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡ ಮಗುವಿಗೂ ಆ ‘ನಾವು’ ಎಂಬುದರೊಳಗೆ ಪ್ರವೇಶ ದೊರೆತಿದೆ. ಚಾಲ್ಡೀನಿಯವರ ವಿದ್ಯಾರ್ಥಿಗಳು ಸೋಲನ್ನು ‘ಅವರ’ದೆಂದು ಬಿಟ್ಟರು, ಇಲ್ಲಿನ ಅಭಿಮಾನಿ ಮೊದಲು ‘ನಾವು ಸೋತೆವು’ ಎಂದು ಕಲಿತು, ಆಮೇಲೆ ‘ನಾವು ಗೆದ್ದೆವು’ ಎನ್ನುತ್ತಾನೆ. ಎರಡು ‘ನಾವು’ಗಳಿಗೂ ಇರುವ ಅಂತರ ಇದು.

೭

ಹೀಗೆಂದ ಮಾತ್ರಕ್ಕೆ ಅಭಿಮಾನವೆಲ್ಲವೂ ಶ್ಲಾಘ್ಯವೆಂದು ನಮ್ಮ ಅಭಿಪ್ರಾಯವಲ್ಲ. ಸೋಲನ್ನು ತನ್ನದೆಂದು ತಿಳಿಯುವ ಗುಣಕ್ಕೆ ಕರಾಳವಾದ ಮುಖವೊಂದುಂಟು. ೨೦೧೧ನೆಯ ಜೂನ್ ೧೫ರಂದು ಕೆನಡಾದ ವ್ಯಾಂಕೂವರ್ ತಂಡ ಇದೇ ಬಾಸ್ಟನ್ನಿಗೆ, ಇದೇ ಬಗೆಯ ಏಳನೆಯ ಪಂದ್ಯದಲ್ಲಿ, ಸ್ವಂತ ಊರಿನಲ್ಲಿಯೇ ೦-೪ರಿಂದ ಸೋತಿತು. ಆ ಸಂಜೆ ಊರಿನ ಮಧ್ಯಭಾಗದಲ್ಲಿ ಗಲಭೆಯೆದ್ದು ವಾಹನಗಳಿಗೆ ಬೆಂಕಿ ಬಿದ್ದಿತು, ಅಂಗಡಿಗಳ ಲೂಟಿಯಾಯಿತು. ೧೯೫೫ರಲ್ಲಿ ಮಾಂಟ್ರಿಯಲ್ಲಿನಲ್ಲಿ ಮಾರೀಸ್ ರಿಷಾರನೆಂಬ ಆಟಗಾರನನ್ನು ಋತುವಿನ ಉಳಿದ ಪಂದ್ಯಗಳಿಂದ ಹೊರಗಿಟ್ಟಾಗಲೂ ಗಲಭೆ ನಡೆದಿತ್ತು. ಅಲ್ಲಿ ಫ್ರೆಂಚ್ ಭಾಷಿಕರಿಗೆ ತಮ್ಮ ಜನಕ್ಕೇ ಅಪಮಾನವಾಯಿತೆಂಬ ಭಾವನೆ ಕೂಡಿಕೊಂಡಿತ್ತು. ‘ನಾವು’ ಎಂಬ ಭಾವ ಜನರನ್ನು ಒಂದುಗೂಡಿಸಬಲ್ಲುದು. ಆದರೆ ಒಂದುಗೂಡಿದವರು ಏನು ಮಾಡುವರೆಂಬುದನ್ನು ಅದು ನಿರ್ಧರಿಸುವುದಿಲ್ಲ.

ಇನ್ನೊಂದು ಮಿತಿಯೂ ಇದೆ. ಅಭಿಮಾನಿಯ ನಿಷ್ಠೆಗೆ ಸಮನಾದ ನಿಷ್ಠೆ ಎದುರು ಕಡೆಯಿಂದ ಬರುವುದಿಲ್ಲ; ಬರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಆಟ ಅವರಿಗೆ ವೃತ್ತಿ. ಊರಿನ ಮಗನಾದ ಮರೂನ್ ಗೆದ್ದ ಬೇಸಗೆಯಲ್ಲಿಯೇ ಟ್ಯಾಂಪ ತಂಡವನ್ನು ಸೇರಿದನು. ಕಪ್ಪನ್ನು ಮೊದಲು ಎತ್ತಿಹಿಡಿದ ನಾಯಕ ಅಲೆಕ್ಸ್ ಪಿಯೆಟ್ರಾಂಜೆಲೊ ೨೦೨೦ರಲ್ಲಿ ಲಾಸ್ ವೇಗಾಸಿಗೆ ಹೋದನು. ಆ ಸ್ಪರ್ಧೆಯ ಶ್ರೇಷ್ಠ ಆಟಗಾರನೆನಿಸಿದ ರಯಾನ್ ಒ’ರೈಲಿಯನ್ನು ೨೦೨೩ರಲ್ಲಿ ಟೊರಾಂಟೊ ತಂಡಕ್ಕೆ ಕೊಡಲಾಯಿತು. ಅಭಿಮಾನಿ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಈ ಸಂಬಂಧದ ದುರ್ಬಲತೆಯನ್ನು ನ್ಯಾಯಾಲಯದ ಒಂದು ವ್ಯವಹಾರ ಸ್ಪಷ್ಟಪಡಿಸುತ್ತದೆ. ರ‍್ಯಾಮ್ಸ್ ತಂಡ ಹೊರಟುಹೋದ ಬಗ್ಗೆ ಸೇಂಟ್ ಲೂಯಿಸಿನ ನಗರಾಡಳಿತವೂ ಇತರ ಸಾರ್ವಜನಿಕ ಸಂಸ್ಥೆಗಳೂ ಹೂಡಿದ್ದ ದಾವೆ ೨೦೨೧ರಲ್ಲಿ ರಾಜಿಯಲ್ಲಿ ಮುಗಿದು, ಅವುಗಳಿಗೆ ೭೯ ಕೋಟಿ ಡಾಲರುಗಳು ಸಂದವು. ನಗರದ ನಷ್ಟಕ್ಕೆ ಹೀಗೆ ಬೆಲೆ ಕಟ್ಟಲು ಸಾಧ್ಯವಾಯಿತು. ಆದರೆ ಇಪ್ಪತ್ತೊಂದು ವರ್ಷ ಆ ತಂಡವನ್ನು ‘ನಾವು’ ಎಂದವರ ನೆನಪಿಗೆ ಬೆಲೆ ಕಟ್ಟುವ ಕೋಷ್ಟಕ ಇನ್ನೂ ಹುಟ್ಟಿಲ್ಲ. ತಂಡ ಹೊರಟುಹೋದಾಗ ಆಟಗಾರರಿಗೆ ಬೇರೊಂದು ಊರು ಸಿಗುತ್ತದೆ, ಒಡೆಯನಿಗೆ ಬೇರೊಂದು ಮಾರುಕಟ್ಟೆ ಸಿಗುತ್ತದೆ. ನೆನಪು ಮಾತ್ರ ಅನಾಥವಾಗುತ್ತದೆ. ೧೯೮೩ರಲ್ಲಿ ಸಸ್ಕಟೂನಿನ ವ್ಯವಹಾರ ಕುದುರಿದ್ದರೆ ೧೯೭೦ರಲ್ಲಿ ಸೋತವರು ಎಂದಿಗೂ ಗೆಲ್ಲುವಂತಿರಲಿಲ್ಲ.

೮

ಒಟ್ಟಿನಲ್ಲಿ ಹೇಳುವುದಾದರೆ, ಅಭಿಮಾನಿಯ ‘ನಾವು’ ಒಡೆತನದಿಂದಲಾಗಲಿ ಸಹಾಯದಿಂದಲಾಗಲಿ ಬಂದುದಲ್ಲ. ಪರರ ಬೆಳಕಿನಲ್ಲಿ ಮಿನುಗುವ ಆಸೆಯಿಂದ ಮಾತ್ರ ಹುಟ್ಟಿದುದೂ ಅಲ್ಲ. ಬದಲಾಗುವ ಆಟಗಾರರನ್ನೂ ಒಡೆಯರನ್ನೂ ಕಟ್ಟಡಗಳನ್ನೂ ಒಂದು ದಾರದಲ್ಲಿ ಪೋಣಿಸಿ ಅದಕ್ಕೆ ‘ತಂಡ’ ಎಂದು ಹೆಸರು ಕೊಡುವ ಕೆಲಸವನ್ನು ಅವನೇ ಮಾಡುತ್ತಾನೆ. ಆ ಕೆಲಸಕ್ಕೆ ಕೂಲಿಯಿಲ್ಲ. ಅದು ಮುಗಿಯುವ ದಿನವೂ ಗೊತ್ತಿಲ್ಲ.

ಸ್ಟ್ಯಾನ್ಲಿ ಕಪ್ಪಿನ ಮೇಲೆ ಗೆದ್ದ ತಂಡದ ಆಟಗಾರರ, ತರಬೇತುದಾರರ ಮತ್ತು ಒಡೆಯರ ಹೆಸರುಗಳನ್ನು ಕೆತ್ತುತ್ತಾರೆ. ಪಟ್ಟಿಗಳು ತುಂಬಿದಂತೆ ಹಳೆಯ ಪಟ್ಟಿಯನ್ನು ತೆಗೆದಿಟ್ಟು ಹೊಸದನ್ನು ಸೇರಿಸುತ್ತಾರೆ. ೨೦೧೯ರ ಹೆಸರುಗಳೂ ಒಂದು ದಿನ ಹಾಗೆಯೇ ಕಪ್ಪಿನಿಂದ ಕೆಳಗಿಳಿಯುವವು. ಅಭಿಮಾನಿಗಳ ಹೆಸರು ಅಲ್ಲಿ ಇರಲೇ ಇಲ್ಲವಾದುದರಿಂದ ಅವರಿಗೆ ಆ ಭಯವಿಲ್ಲ. ಆ ಹೆಸರುಗಳು ಕೆಳಗಿಳಿದ ಮೇಲೆಯೂ ಅವುಗಳನ್ನು ಹೇಳಬಲ್ಲವರು ಅವರೇ ಆಗಿರುತ್ತಾರೆ.